ಭಟ್ಟಿಯಲ್ಲಿ ಉಳಿದ ನೀರು

ಸಕ್ಕರೆಯ ಹರಳನ್ನೆಲ್ಲ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಮಂಡ್ಯ, ಬೆಳಗಾವಿಗಳ ಕಬ್ಬಿನ ಸೀಮೆಯವರು ಇದನ್ನು ಚೆನ್ನಾಗಿ ಬಲ್ಲರು. ಕಾಕಂಬಿಯನ್ನು ನೀರಿನಲ್ಲಿ ಕದಡಿ, ಯೀಸ್ಟ್ ಬೆರೆಸಿ ಹುಳಿಯಿಸಿ, ಭಟ್ಟಿ ಇಳಿಸಿದರೆ ಮದ್ಯಸಾರ ದೊರೆಯುತ್ತದೆ. ಮದ್ಯಸಾರವೆಂದೊಡನೆ ಹೆಂಡದಂಗಡಿಯನ್ನು ಮಾತ್ರ ನೆನೆಯಬೇಡಿ. ಔಷಧಗಳಿಗೆ ಅದು ಬೇಕು. ಎಥನಾಲ್ ಎಂಬ ಹೆಸರಿನಿಂದ ಪೆಟ್ರೋಲಿಗೂ ಬೆರೆಯುತ್ತದೆ. 2025ರಲ್ಲಿ ನಮ್ಮ ದೇಶ ಈ ಬೆರಕೆಯನ್ನು ನೂರಕ್ಕೆ 20 ಪಾಲಿಗೆ ಮುಟ್ಟಿಸಿತು. ಆದುದರಿಂದ ಭಟ್ಟಿಯ ಮಾತು ನಿಮ್ಮ ಮನೆಯ ಸ್ಕೂಟರಿಗೂ ಸೇರಿದ ಮಾತು.

ಹುಳಿತ ರಸದಲ್ಲಿ ಮದ್ಯಸಾರ ನೂರಕ್ಕೆ ಎಂಟು ಹತ್ತು ಪಾಲು ಮಾತ್ರ. ಅದು ಆವಿಯಾಗಿ ಹೊರಟ ಮೇಲೆ ತಳದಲ್ಲಿ ಕಡುಕಂದು ಬಣ್ಣದ ಬಿಸಿನೀರು ಉಳಿಯುತ್ತದೆ. ಲೀಟರ್ ಮದ್ಯಸಾರಕ್ಕೆ ಸುಮಾರು 8ರಿಂದ 15 ಲೀಟರ್.

ಇದೂ ಕಬ್ಬಿನ ಶೇಷವೇ ತಾನೆ, ಹೊಳೆಗೆ ಬಿಟ್ಟರೇನು ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಇದರ ಒಂದು ಲೀಟರಿನಲ್ಲಿರುವ ಕಲ್ಮಷ ಕೊಳೆತು ಮುಗಿಯಲು 40,000 ಮಿಲಿಗ್ರಾಮಿನಷ್ಟು ಆಮ್ಲಜನಕ ಬೇಕು. ತಿಳಿಯಾದ ಹೊಳೆಯ ಒಂದು ಲೀಟರ್ ನೀರಿನಲ್ಲಿ ಕರಗಿರುವುದು ಸುಮಾರು 8 ಮಿಲಿಗ್ರಾಂ. ಅಂದರೆ ಒಂದು ಚೊಂಬು ಭಟ್ಟಿನೀರು ಐದು ಸಾವಿರ ಚೊಂಬು ಹೊಳೆನೀರಿನ ಪ್ರಾಣವಾಯುವನ್ನು ಹೀರಿಬಿಡಬಲ್ಲುದು. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ನೆಲಕ್ಕೆ ಇಂಗಿದರೆ ಸುತ್ತಲಿನ ಬಾವಿಗಳ ನೀರು ಕಂದಾಗುತ್ತದೆ.

ನಮ್ಮ ಹಿರಿಯರು ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಕಲಗಚ್ಚಿಗೆ ಸುರಿದು ಹಸುವಿಗೆ ಇಡುತ್ತಿದ್ದರು. ಭಟ್ಟಿಗೂ ಅಂಥ ದಾರಿಯುಂಟು. ಮುಚ್ಚಿದ ತೊಟ್ಟಿಯಲ್ಲಿ, ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಈ ನೀರಿನ ಕಲ್ಮಷದ ಬಹುಪಾಲನ್ನು ತಿಂದು ಉರಿಯುವ ಅನಿಲವನ್ನು ಕೊಡುತ್ತವೆ. ಗೋಬರ್ ಗ್ಯಾಸಿನ ರೀತಿಯೇ ಇದು. ಅದರಿಂದ ಬಾಯ್ಲರಿನ ಇಂಧನ ಉಳಿಯುತ್ತದೆ. ಮಿಕ್ಕ ನೀರನ್ನು ಬತ್ತಿಸಿ ಗಟ್ಟಿಮಾಡಿ ಸುಡುತ್ತಾರೆ, ಇಲ್ಲವೆ ಕಬ್ಬಿನ ಮಡ್ಡಿಯೊಡನೆ ಕೊಳೆಯಿಸಿ ಗೊಬ್ಬರ ಮಾಡುತ್ತಾರೆ. ಸುಟ್ಟ ಬೂದಿಯಲ್ಲಿ ಗದ್ದೆಗೆ ಬೇಕಾದ ಪೊಟ್ಯಾಷ್ ಇದೆ. ಬತ್ತಿಸುವಾಗ ಎದ್ದ ಆವಿಯನ್ನು ತಣಿಸಿ ಶುದ್ಧಿಮಾಡಿದರೆ, ಆ ನೀರಿನಲ್ಲೇ ಮತ್ತೆ ಕಾಕಂಬಿಯನ್ನು ಕದಡಬಹುದು. ಯಂತ್ರಗಳನ್ನು ತಣಿಸುವ ನೀರನ್ನೂ ತಿರುತಿರುಗಿ ಬಳಸಿದರೆ ಹೊಳೆಯಿಂದ ಎತ್ತುವ ನೀರು ಬಹಳ ಕಡಮೆಯಾಗುತ್ತದೆ.

ಇದಕ್ಕೆಲ್ಲ ಹಣ ಬೇಕು, ಬತ್ತಿಸಲು ಶಾಖವೂ ಬೇಕು. ಆದುದರಿಂದಲೇ ಕಾಯಿದೆಯ ಕಣ್ಣೂ ಬೇಕಾಯಿತು. 1974ರಲ್ಲಿ ಜಲಮಾಲಿನ್ಯದ ಕಾಯಿದೆ ಬಂತು. ಕಾಕಂಬಿಯ ಭಟ್ಟಿಗಳು 2005ರ ಕೊನೆಯೊಳಗೆ ಈ ನೀರನ್ನು ಹೊಳೆಗೆ ಬಿಡುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕೆಂದು 2003ರಲ್ಲಿ ಗೊತ್ತುಮಾಡಲಾಯಿತು.

ನಿಮ್ಮ ಊರ ಬಳಿ ಭಟ್ಟಿಯಿದ್ದರೆ, ದಿನಕ್ಕೆ ಎಷ್ಟು ನೀರು ಒಳಗೆ ಹೋಗುತ್ತದೆ, ಅದು ಎಲ್ಲಿ ಮುಗಿಯುತ್ತದೆ ಎಂದು ಕೇಳಿರಿ. ನಿಮ್ಮ ಬಾವಿಯ ನೀರನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷೆ ಮಾಡಿಸಿರಿ.