ಟೇಲೆಂಡಿನ ಇಂಗ್ಲಿಷು



ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಗುಡ್ಡದಲ್ಲಿ ಒಂದು ಬಂಡೆ ಇದೆ. ಚಿನ್ನದ ಗಣಿ ಕೆಲಸದ ಮೇಲೆ ಈ ಕಡೆ ಓಡಾಡುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ 1915ರಲ್ಲಿ ಅದರ ಮೇಲಿನ ಬರಹ ಬಿತ್ತು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಇಂಗ್ಲಿಷಿನಲ್ಲಿ ವಿವರಿಸಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬರೀ ಬಿರುದಿನಿಂದ ಗೊತ್ತಿದ್ದ ದೇವಾನಾಂಪ್ರಿಯನ ಹೆಸರು ಅಶೋಕ ಎಂದು ಕಲ್ಲಿನ ಮೇಲೇ ಸಿಕ್ಕಿದ್ದು ಆಗ. ಇದು ಶಾಲೆ ಮಕ್ಕಳಿಗೂ ಗೊತ್ತು. ನನಗೆ ಕಾಡುವುದು ಬೇರೆ ಮಾತು. ಇದೇ ಅಶೋಕ ದೂರದ ಕಂದಹಾರದಲ್ಲಿ ಗ್ರೀಕರಿಗಾಗಿ ಗ್ರೀಕ್ ಭಾಷೆಯಲ್ಲೇ ಬರೆಸಿದ. ನಮ್ಮ ಮಸ್ಕಿಯಲ್ಲಿ ಬರೆಸಿದ್ದು ಮಾತ್ರ ಪ್ರಾಕೃತದಲ್ಲಿ. ಊರಿನವರಿಗೆ ಯಾರೋ ಒಬ್ಬರು ಓದಿ, ಬಿಡಿಸಿ ಹೇಳಿರಬೇಕು. ಆ ಬಿಡಿಸಿ ಹೇಳಿದವನೇ ಈ ಭಾಗದ ಮೊದಲ ಎರಡನೇ ಭಾಷೆಯ ಮೇಷ್ಟ್ರು ಎಂದು ನಾನು ತಮಾಷೆಗೆ ಅನ್ನುವುದುಂಟು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನಿಗೆ ಇಂಥ ನಂಟು ಹುಡುಕುವ ಚಟ.

ಇಂಗ್ಲಿಷು ಇಲ್ಲಿಗೆ ಬಂದದ್ದು ಪುಸ್ತಕ ಹಿಡಿದುಕೊಂಡಲ್ಲ, ಬಂದೂಕು ಹೊತ್ತುಕೊಂಡು. ಲಿಂಗಸೂಗೂರು ಹೈದರಾಬಾದ್ ಕಂಟಿಂಜೆಂಟ್ ಸೈನ್ಯದ ದಂಡು ಇದ್ದ ಊರು. 1853ರ ಒಪ್ಪಂದದಲ್ಲಿ ನಿಜಾಮರು ರಾಯಚೂರು ದೋಆಬನ್ನು ಬ್ರಿಟಿಷರ ಕೈಗೊಪ್ಪಿಸಿದರು, 1860ರಲ್ಲಿ ಅದು ತಿರುಗಿ ಬಂತು. ಆಮೇಲೆ ಲಿಂಗಸೂಗೂರು ಒಂದು ಜಿಲ್ಲೆಯ ಮುಖ್ಯ ಊರೂ ಆಗಿತ್ತು, 1905ರವರೆಗೆ. ಆದರೂ ಕಚೇರಿಯ ಭಾಷೆ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ದಂಡಿನ ಇಂಗ್ಲಿಷು ದಂಡಿನಲ್ಲೇ ಉಳಿಯಿತು.

1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಎಲ್ಲ ಶಾಸ್ತ್ರವನ್ನೂ ಉರ್ದುವಿನಲ್ಲೇ ಕಲಿಸುತ್ತೇವೆ, ಇಂಗ್ಲಿಷ್ ಒಂದು ಕಡ್ಡಾಯ ಭಾಷೆ ಮಾತ್ರ ಎಂದದ್ದು ಅದರ ಹೆಚ್ಚುಗಾರಿಕೆ. ದೇಶಭಾಷೆಯಲ್ಲಿ ವಿಶ್ವವಿದ್ಯಾಲಯ ನಡೆಸಿದ್ದು ದೊಡ್ಡ ಮಾತೇ. ಆದರೆ ಸಿಂಧನೂರಿನ ಹುಡುಗನಿಗೆ ಅದು ಯಾವ ದೇಶದ ಭಾಷೆ? ಮನೆಯಲ್ಲಿ ಕನ್ನಡ, ಪಾಠ ಉರ್ದುವಿನಲ್ಲಿ, ಮೇಲೆ ಇಂಗ್ಲಿಷ್. ಒಂದು ಲಿಪಿ ಬಲದಿಂದ ಎಡಕ್ಕೆ, ಇನ್ನೆರಡು ಎಡದಿಂದ ಬಲಕ್ಕೆ. ಇಂಗ್ಲಿಷ್ ವ್ಯಾಕರಣವನ್ನೂ ಉರ್ದು ಪರಿಭಾಷೆಯಲ್ಲೇ ತಿಳಿಯಬೇಕು: ಕರ್ತೃ ಅಂದರೆ ಫಾಯಿಲ್, ಕ್ರಿಯಾಪದ ಅಂದರೆ ಫೇಲ್. ಪರೀಕ್ಷೆಗೆ ಕೂಡುವ ಮೊದಲೇ ಫೇಲ್ ಮುಗಿಸಿದವರು ನಮ್ಮ ಹಿರಿಯರು! ಹಾಗಂತ ಅವರು ಬಡವಾಗಲಿಲ್ಲ. ಕವಿ ಸಿದ್ಧಯ್ಯ ಪುರಾಣಿಕರು ಅದೇ ಉಸ್ಮಾನಿಯಾದಲ್ಲಿ ಓದಿದವರು. ಉರ್ದು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ ಶಾಂತರಸರು ಈ ಜಿಲ್ಲೆಯವರೇ.

1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ. ನಮ್ಮ ಕಾಲೇಜುಗಳು ಹೈದರಾಬಾದಿನಿಂದ ಕಳಚಿ ಧಾರವಾಡಕ್ಕೆ, 1980ರಲ್ಲಿ ಗುಲಬರ್ಗಾಕ್ಕೆ, ಈಚೆಗೆ ರಾಯಚೂರಿಗೆ ಸೇರಿದವು. ವಿಶ್ವವಿದ್ಯಾಲಯ ಹತ್ತಿರ ಬಂತು, ಇಂಗ್ಲಿಷ್ ಮಾತ್ರ ಇದ್ದಲ್ಲೇ ಇತ್ತು.

ಯಾಕೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಹುಡುಗನೊಬ್ಬ ಬರೆಯುತ್ತಾನೆ: 'ಟು ಮಿ ಟೂ ಬ್ರದರ್ಸ್ ಆರ್ ದೇರ್.' ನಾವು ಕೆಂಪು ಶಾಯಿ ಹಾಕುತ್ತೇವೆ. ಆದರೆ ಅವನು ಎಲ್ಲಿ ತಪ್ಪಿದ? 'ನನಗೆ ಇಬ್ಬರು ಅಣ್ಣಂದಿರಿದ್ದಾರೆ' ಎನ್ನುವ ವಾಕ್ಯದಲ್ಲಿ ಚತುರ್ಥಿ ವಿಭಕ್ತಿಗೆ ಸರಿಯಾಗಿ 'ಟು' ಹಾಕಿದ್ದಾನೆ. ಇಂಗ್ಲಿಷಿನವನು ಅಣ್ಣತಮ್ಮಂದಿರನ್ನು 'ಹೊಂದಿರುತ್ತಾನೆ', ನಮಗೆ ಅವರು 'ಇರುತ್ತಾರೆ'. ಹಸಿವು, ನೆನಪು, ಸಿಟ್ಟು ಎಲ್ಲವೂ ನಮಗೆ ಬರುತ್ತವೆ, ಆಗುತ್ತವೆ. ಇಷ್ಟನ್ನು ಕನ್ನಡದಲ್ಲಿ ಹತ್ತು ನಿಮಿಷ ಹೇಳಿದರೆ ಹುಡುಗನಿಗೆ ತನ್ನ ತಪ್ಪಿನ ಬೇರು ಕಾಣುತ್ತದೆ. ಹೇಳುವುದಿಲ್ಲ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಆಡಿದರೆ ಮರ್ಯಾದೆ ಹೋದೀತೆಂಬ ಭಯ. ನಾನೂ ಮೊದಲ ಹತ್ತು ವರ್ಷ ಹಾಗೇ ಹೆದರಿದವನು.

ಇಂಡೈರೆಕ್ಟ್ ಸ್ಪೀಚ್ ಅಂತೂ ಬೇಡ. 'ನಾಳಿ ಬರ್ತೀನಿ ಅಂದ' ಎಂದರೆ ನಮ್ಮಲ್ಲಿ ಮುಗಿಯಿತು. 'ಅಂದ' ಎಂಬ ಒಂದೇ ಪದ ಇಡೀ ಮಾತನ್ನು ಹಾಗೇ ಹೊರುತ್ತದೆ. ಇಂಗ್ಲಿಷಿನಲ್ಲಿ 'ನಾನು' ಹೋಗಿ 'ಅವನು' ಆಗಬೇಕು, 'ನಾಳೆ' ಹೋಗಿ 'ಮರುದಿನ' ಆಗಬೇಕು, ಕಾಲ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮುಂಬೈ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿದ್ದ ರೆನ್ ಮತ್ತು ಜೊತೆಗಾರ ಮಾರ್ಟಿನ್ 1930ರ ದಶಕದಲ್ಲಿ ಬರೆದ ವ್ಯಾಕರಣ ಇವತ್ತಿಗೂ ಇಲ್ಲಿನ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಅದರಲ್ಲಿ ಇದಕ್ಕೆ ಪುಟಗಟ್ಟಲೆ ಅಭ್ಯಾಸ ಉಂಟು, ಆದರೆ ಓದುವವನ ಮನೆಮಾತಿನ ಸುದ್ದಿ ಇಲ್ಲ.

ಕಂಪೋಸಿಷನ್ ಕಥೆ ಇನ್ನೂ ಬೇರೆ. ರಜೆ ಚೀಟಿ ಬರೆಯಲು ಹೇಳಿ, ಎಲ್ಲರಿಗೂ ಜ್ವರವೇ ಬರುತ್ತದೆ. ಒಂದು ಸಲ ಐವತ್ತೆಂಟು ಹುಡುಗರು ಒಂದೇ ದಿನ ಜ್ವರದಲ್ಲಿ ಮಲಗಿದ್ದರು! ಗೈಡಿನಲ್ಲಿ ಜ್ವರ ಇದೆ, ಬಾಯಿಪಾಠ ಆಗಿದೆ. ನಿಜವಾಗಿ ಆ ವಾರ ಅವರು ರಜೆ ಹಾಕಿದ್ದು ಭತ್ತದ ನಾಟಿಗೆ. ನಾಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದಕ್ಕೆ ಮದ್ದು ಹುಡುಕುವ ಪ್ರಯತ್ನ ನಮ್ಮ ರಾಜ್ಯದಲ್ಲೂ ನಡೆದಿತ್ತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ನೆರವಿನಿಂದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ವ್ಯಾಕರಣದ ಪಾಠ ಬಿಟ್ಟು ಮಕ್ಕಳ ಮುಂದೆ ನಕ್ಷೆ, ರೈಲಿನ ವೇಳಾಪಟ್ಟಿ ಇಟ್ಟು ಲೆಕ್ಕ ಬಿಡಿಸಲು ಹೇಳಿದರು. ಬುದ್ಧಿ ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಕೂಡುತ್ತದೆ ಎಂಬುದು ಅವರ ವಾದ. ಜಗತ್ತಿನ ಭಾಷಾ ಶಿಕ್ಷಕರು ಬೆಂಗಳೂರು ಪ್ರಾಜೆಕ್ಟ್ ಎಂದು ಅದನ್ನು ಓದುತ್ತಾರೆ. ನಮ್ಮ ಕಡೆಗೆ ಬರಲೇ ಇಲ್ಲ. ಬಂದಿದ್ದರೂ, ಸಿಂಧನೂರಿಗೆ ರೈಲು ಬಂದದ್ದೇ 2024ರಲ್ಲಿ. ವೇಳಾಪಟ್ಟಿಗೆ ಎಲ್ಲಿಗೆ ಹೋಗಬೇಕಿತ್ತೋ!

ಹಾಗೆ ನೋಡಿದರೆ ಕ್ಲಾಸಿನ ಹೊರಗೆ ಇಂಗ್ಲಿಷು ಸಲೀಸಾಗಿಯೇ ಬಂದಿದೆ. ಲಿಂಗಸೂಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ದುಡಿಯುವವರು 'ಶಾಫ್ಟಿಗೆ ಇಳದೆ', 'ಎರಡನೇ ಶಿಫ್ಟಿನ್ಯಾಗ ಅದೀನಿ' ಅನ್ನುತ್ತಾರೆ. 1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಆಂಧ್ರದ ರೈತರು ಬಂದು ಕ್ಯಾಂಪು ಕಟ್ಟಿದರು, ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಇಲ್ಲೇ ಕ್ಯಾಂಪು. ಕನ್ನಡ, ತೆಲುಗು, ಉರ್ದು, ಬಂಗಾಳಿ ಒಂದೇ ಬೆಂಚಿನಲ್ಲಿ ಕೂತ ಕ್ಲಾಸು ನನ್ನದು. ಕ್ಯಾಂಪು, ಗೇಟು, ಗೇಜು ಎಲ್ಲಕ್ಕೂ ನಮ್ಮ ವಿಭಕ್ತಿ ಹತ್ತಿ ಕನ್ನಡವೇ ಆಗಿಬಿಟ್ಟಿವೆ.

ನಿವೃತ್ತಿಯ ಹಿಂದಿನ ವರ್ಷ ಗೈಡು ಮುಚ್ಚಿಸಿ, ನಿಮ್ಮೂರಿನ ನಿಜವಾದ ತೊಂದರೆಯ ಬಗ್ಗೆ ನೀರಾವರಿ ಕಚೇರಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆಯಿರಿ ಎಂದೆ. ಗದ್ದಲವೋ ಗದ್ದಲ. ಕಾಲುವೆಯ ಕೊನೆಯ ಹಳ್ಳಿಯ ಹುಡುಗಿಯೊಬ್ಬಳು ಅರ್ಧ ಪುಟ ಬರೆದು ಪೆನ್ನು ಕಚ್ಚುತ್ತ ಕೂತಳು. ಹನ್ನೊಂದು ದಿನದಿಂದ ಅವರ ಹೊಲಕ್ಕೆ ನೀರಿಲ್ಲ ಎಂದು ಬರೆದಿದ್ದಳು. ಕಾಲ ತಪ್ಪಿತ್ತು, ಆರ್ಟಿಕಲ್ ಒಂದೂ ಇರಲಿಲ್ಲ, ಸಂಗತಿ ಸ್ಪಷ್ಟವಾಗಿತ್ತು. ಯಾಕೆ ನಿಲ್ಲಿಸಿದೆಯಮ್ಮಾ ಎಂದೆ.

'ಸರ, ಒಂದು ಶಬ್ದ ಗೊತ್ತಾಗವಲ್ದು. ಟೇಲೆಂಡಿಗೆ ಇಂಗ್ಲಿಷಿನ್ಯಾಗ ಏನಂತಾರ್ರೀ?'