ಮೇರಿಯನ್ ದ್ವೀಪದ ಪುಟ್ಟ ಇಲಿ

ಇವತ್ತು ನಾವು ನೋಡೋದು ಕೇಪ್‌ಟೌನ್‌ನಿಂದ ಆಗ್ನೇಯಕ್ಕೆ ಸುಮಾರು 2,000 ಕಿಲೋಮೀಟರ್ ದೂರದ ಮೇರಿಯನ್ ದ್ವೀಪ. ದಕ್ಷಿಣ ಆಫ್ರಿಕಾಕ್ಕೆ ಸೇರಿದ ಈ ದ್ವೀಪದಲ್ಲಿ ಊರಿಲ್ಲ, ಮರ ಇಲ್ಲ. ಒಂದು ಸಂಶೋಧನಾ ಕೇಂದ್ರ ಇದೆ. ಉಳಿದದ್ದೆಲ್ಲ ಪೆಂಗ್ವಿನ್, ಸೀಲ್ ಮತ್ತು ಕಡಲ ಹಕ್ಕಿಗಳ ರಾಜ್ಯ.

ಈ ಹಕ್ಕಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ವಾಂಡರಿಂಗ್ ಆಲ್ಬಟ್ರಾಸ್. ರೆಕ್ಕೆ ಬಿಚ್ಚಿದರೆ ಮೂರು ಮೀಟರ್ ಸುಮಾರು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಒಂದೇ ಒಂದು ಮೊಟ್ಟೆ. ಮರಿ ಚಳಿಗಾಲವಿಡೀ ನೆಲದ ಮೇಲಿನ ಗೂಡಲ್ಲೇ ಕೂತಿರುತ್ತೆ. ಮೊದಲು ಇಲ್ಲಿ ನೆಲದ ಮೇಲೆ ಓಡಾಡೋ ಬೇಟೆಪ್ರಾಣಿ ಇರಲೇ ಇಲ್ಲ, ಹಾಗಾಗಿ ಭಯವಿರಲಿಲ್ಲ.

19ನೇ ಶತಮಾನದಲ್ಲಿ ಸೀಲ್ ಬೇಟೆಗಾರರ ಹಡಗಿನಿಂದ ಇಲಿ ಇಳಿಯಿತು. ನಮ್ಮ ಅಡುಗೆಮನೆಯಲ್ಲಿ ಓಡಾಡೋ ಪುಟ್ಟ ಇಲಿಯೇ. 1949ರಲ್ಲಿ ಹವಾಮಾನ ಕೇಂದ್ರದವರು ಇಲಿ ಕಾಟಕ್ಕೆ ಐದು ಬೆಕ್ಕು ತಂದರು. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟ ಹಾಗಾಯ್ತು! ಬೆಕ್ಕಿಗೆ ಬಿಲದಲ್ಲಿ ಗೂಡು ಮಾಡೋ ಪೆಟ್ರೆಲ್ ಹಕ್ಕಿಗಳು ಸುಲಭದ ತುತ್ತು. 1970ರ ದಶಕದಲ್ಲಿ ಬೆಕ್ಕುಗಳ ಸಂಖ್ಯೆ ಎರಡು ಸಾವಿರ ದಾಟಿತ್ತು; ವರ್ಷಕ್ಕೆ ಸುಮಾರು 4.5 ಲಕ್ಷ ಹಕ್ಕಿ ಬಲಿ ಅಂತ ಅಂದಾಜು. ರೋಗಾಣು ಬಿಟ್ಟು, ರಾತ್ರಿ ಗುಂಡು ಹೊಡೆದು, ಬೋನಿಟ್ಟು, 1991ಕ್ಕೆ ಬೆಕ್ಕುಗಳನ್ನ ಪೂರ್ತಿ ತೆಗೆದರು.

ಟಿಕೆಟ್ ಕ್ಲೋಸ್ ಆಯ್ತು ಅಂದ್ಕೊಂಡ್ರಾ? ಇಲಿ ಉಳಿದಿತ್ತು. ಹವೆ ಬೆಚ್ಚಗಾದ ಹಾಗೆ ಅದು ಮರಿ ಹಾಕೋ ಕಾಲ ಉದ್ದವಾಯ್ತು, ತಿನ್ನೋ ಹುಳುಹುಪ್ಪಟೆ ಕಡಿಮೆಯಾದವು. 2003ರಲ್ಲಿ ಆಲ್ಬಟ್ರಾಸ್ ಮರಿಗಳ ಮೈಮೇಲೆ ಇಲಿ ಕಚ್ಚಿದ ಗಾಯ ಮೊದಲ ಸಲ ಕಂಡಿತು. 2023ರಲ್ಲಿ ಬಲಿತ ಹಕ್ಕಿಗಳೂ ಸತ್ತು ಬಿದ್ದವು. ಎಂಟು-ಹತ್ತು ಕೆಜಿ ಹಕ್ಕಿ ಎಲ್ಲಿ, ಅಂಗೈಯಗಲದ ಇಲಿ ಎಲ್ಲಿ! ಕುಕ್ಕಿ ಓಡಿಸಬಾರದಾ? ರಾತ್ರಿ ಬಂದು ಕಚ್ಚೋ ಪ್ರಾಣಿನ ಅದರ ವಂಶವೇ ಕಂಡಿಲ್ಲ. ಗೂಡು ಬಿಟ್ಟು ಏಳದೆ ಕೂತಲ್ಲೇ ಕಚ್ಚಿಸಿಕೊಳ್ಳುತ್ತೆ.

ಈಗಿನ ಯೋಜನೆ, ಸುಮಾರು 290 ಚದರ ಕಿಲೋಮೀಟರ್ ದ್ವೀಪದ ಮೂಲೆಮೂಲೆಗೂ ಹೆಲಿಕಾಪ್ಟರ್‌ನಿಂದ ವಿಷದ ಉಂಡೆ ಉದುರಿಸೋದು. ಇದರಿಂದ ಕೆಲವು ಹಕ್ಕಿಗಳೂ ಸಾಯಬಹುದು, ಅದು ಗೊತ್ತಿದ್ದೇ ಕೈಹಾಕಿದ್ದಾರೆ. ಇಲ್ಲಿ ತೊಂಬತ್ತೊಂಬತ್ತು ಪರ್ಸೆಂಟ್‌ಗೆ ಬೆಲೆಯಿಲ್ಲ. ಬಸಿರಾದ ಒಂದೇ ಒಂದು ಇಲಿ ಉಳಿದರೂ ಎಲ್ಲ ಮೊದಲಿಂದ. ಆದರೆ ಅಸಾಧ್ಯ ಅಲ್ಲ. ಇದಕ್ಕಿಂತ ಎಷ್ಟೋ ದೊಡ್ಡದಾದ ಸೌತ್ ಜಾರ್ಜಿಯಾ ದ್ವೀಪ ಇದೇ ದಾರಿಯಲ್ಲಿ ಹೋಗಿ 2018ರಲ್ಲಿ ಇಲಿಮುಕ್ತ ಅಂತ ಘೋಷಣೆಯಾಯ್ತು.

ತಡ ಮಾಡೋ ಹಾಗಿಲ್ಲ ಅಷ್ಟೆ. ಎರಡು ವರ್ಷಕ್ಕೊಂದು ಮೊಟ್ಟೆ ಇಡೋ ಹಕ್ಕಿಗೆ ಕಳೆದುಕೊಂಡದ್ದನ್ನ ತುಂಬಿಕೊಳ್ಳೋಕೆ ದಶಕಗಳೇ ಬೇಕು.