ಮಾವುತ ನಾಯಕನಾಗಬಾರದಾ?

ವೀಕ್ಷಕರೇ, ರಾಜರ ಕಾಲದ ಪ್ರೇಮಕಥೆ ಅಂದ್ರೆ ಕಣ್ಮುಂದೆ ಯಾರು ಬರ್ತಾರೆ? ಕುದುರೆ ಮೇಲೊಬ್ಬ ಚೆಲುವ, ಉಪ್ಪರಿಗೆ ಮೇಲೊಬ್ಬ ಚೆಲುವೆ. ಸಿನಿಮಾ, ಸೀರಿಯಲ್ಲು ನಮಗೆ ಕಲಿಸಿದ್ದು ಇದನ್ನೇ.

ಆದರೆ ನಮ್ಮ ಜನ್ನ ಕವಿ 1209ರಲ್ಲೇ ಈ ಚೌಕಟ್ಟು ಮುರಿದಿದ್ದ. ಅವನ ‘ಯಶೋಧರ ಚರಿತೆ’ಯಲ್ಲಿ ರಾಣಿ ಅಮೃತಮತಿ ಮನಸೋತದ್ದು ಮೈಯೆಲ್ಲ ಸೊಟ್ಟಗಿದ್ದ ಮಾವುತ ಅಷ್ಟಾವಂಕನಿಗೆ. ರೂಪ ನೋಡಿ ಅಲ್ಲ, ರಾತ್ರಿ ಕೇಳಿಬಂದ ಅವನ ಹಾಡಿಗೆ!

ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷವಿಟ್ಟಳು. ಅದನ್ನು ಯಾರೂ ಒಪ್ಪಲ್ಲ. ಜನ್ನನೂ ಅವಳನ್ನು ಪಾಪಿ ಅಂತಲೇ ಶಿಕ್ಷಿಸಿದ. ಆದರೆ ಕೊಲೆ ಬೇರೆ, ಆ ಹಾಡಿಗೆ ಸೋತ ಮನಸ್ಸು ಬೇರೆ. ಏಳು ಶತಮಾನ ಕಳೆದ ಮೇಲೆ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಆ ಮನಸ್ಸಿಗೂ ಮಾತು ಕೊಟ್ಟರು.

ಅರಮನೆಯ ಹೊರಗಿನವರ ಕಥೆ ಜನರಿಗೆ ಬೇಡ ಅಂತೀರಾ? ಗಜೇಂದ್ರಗಡ ಸೀಮೆಯ ಇಟಗಿಗೆ ಹೋಗಿ ನೋಡಿ. ಅಲ್ಲಿ ಜನ ಕೈಮುಗಿಯೋದು ಭೀಮವ್ವನಿಗೆ. ಅದು ಭಕ್ತಿಯ ಕಥೆ, ಪ್ರೇಮದ್ದಲ್ಲ, ನಿಜ. ಆದರೆ ಆಕೆ ರಾಣಿಯಲ್ಲ. ಜನ ನೆನಪಿಡೋಕೆ ಕಿರೀಟ ಬೇಕಾಗಿಲ್ಲ.

ಹಾಗಿದ್ರೆ ಪ್ರೀತಿಸೋಕೆ ಮಾತ್ರ ಕಿರೀಟ ಬೇಕಾ? ಸೊಟ್ಟ ಮೈಯವನಿಗೆ, ಬಡವನಿಗೆ, ಕಪ್ಪು ಹುಡುಗಿಗೆ ನಮ್ಮ ಚರಿತ್ರೆಯ ಕಥೆಯಲ್ಲಿ ಸಿಗೋದು ಕಾವಲುಗಾರನ ಪಾತ್ರ, ದಾಸಿಯ ಪಾತ್ರ ಅಷ್ಟೇನಾ? ಬರೆಯೋರು ಯೋಚಿಸಲಿ. ನೋಡೋ ನಾವೂ ಯೋಚಿಸೋಣ.